ತೊಡೆಗೆ ಬಂದ ಕರೆಂಟು

ಒದ್ದೆ ಬಟ್ಟೆಯಲ್ಲಿ ತೊಡೆ ಒರೆಸಿ
ನಾಲ್ಕು ಅಂಟುಬಿಲ್ಲೆ ಹಚ್ಚುತ್ತಾಳೆ ನಗ್ಮಾ,
ಮಂಡಿಯ ಮೇಲೆರಡು, ಸೊಂಟದ ಕಡೆಗೆರಡು.
"ಜುಮ್ಮಂತದೆ, ಹೆದರಬೇಡಿ ಅಕ್ಕಯ್ಯಮ್ಮ."
ಹೆದರದೆ ಏನು ಮಾಡಲಿ ತಾಯಿ,
ನಿಮ್ಮ ತಾತನ ಫಿಲೇಚರಿನಲ್ಲಿ
ಒದ್ದೆ ಕೈಲಿ ಮೋಟರು ಮುಟ್ಟಿದ ಪಿಳ್ಳಮ್ಮ
ಗೋಡೆಗೆ ಹೋಗಿ ಬಿದ್ದದ್ದು ಕಂಡವಳು ನಾನು.
ಬದುಕಿದಳು. ಆ ಬಲಗೈ ಮಾತ್ರ
ಮತ್ತೆ ಎಳೆ ಹಿಡಿಯಲಿಲ್ಲ.

ಮೂವತ್ತೆಂಟು ವರ್ಷ ಇದೇ ಶಿಡ್ಲಘಟ್ಟದಲ್ಲಿ
ಕುದಿಯುವ ಬೋಸಿಯ ಮುಂದೆ ಕೂತು
ಗೂಡಿನ ತುದಿ ಹುಡುಕಿದ್ದು ಬೆರಳು.
ಕಾಲು ಮಡಚಿಕೊಂಡಿತ್ತು ಅಷ್ಟೇ,
ಹೇಗಿದ್ದೀಯ ಅಂತ ಯಾರೂ ಕೇಳಲಿಲ್ಲ, ನಾನೂ.
ಕೇಳಿದ್ದು ಹೋದ ಶ್ರಾವಣದಲ್ಲಿ,
ರಾತ್ರಿ ಮೂರಕ್ಕೆ, ಬಚ್ಚಲ ಹೊಸ್ತಿಲಲ್ಲಿ.
ಜಾರಿದ್ದಲ್ಲ. ನೆಲ ಒಣಗಿತ್ತು.
ಒಂದು ಕಾಲು ಎತ್ತಿದೆ,
ಇನ್ನೊಂದು ನನ್ನನ್ನು ಹಿಡಿದುಕೊಳ್ಳುತ್ತೆ ಅಂದುಕೊಂಡೆ.

ಮಣಿಕಟ್ಟು ಮುರಿಯಿತು. ಸೊಂಟ ಉಳಿದದ್ದು ಪುಣ್ಯವಂತೆ.
ಚಿಕ್ಕಬಳ್ಳಾಪುರದ ಡಾಕ್ಟರು ಎಲುಬಿನ ಲೆಕ್ಕ ತೆಗೆದು
ಮೈನಸ್ ಮೂರು ಅಂದರು.
ಸಾಲವೇ ಸ್ವಾಮಿ? ಅಂದೆ.
ಹೂಂ ಅಂದು ನಕ್ಕರು.
ನನಗೆ ಬೇರೆ ನೆನಪಾಯಿತು:
ಚಿಟ್ಟೆ ತೂತು ಕೊರೆದು ಹಾರಿಹೋದ ಗೂಡು
ಮೇಲಿಂದ ನೋಡಿದರೆ ಗೂಡೇ.
ಎಳೆದರೆ ಗೊತ್ತಾಗೋದು,
ಪ್ರತಿ ಸುತ್ತಿಗೂ ಕಡಿಯುತ್ತೆ.

ಮೊದಲು ಇರುವೆ ಸಾಲು. ಆಮೇಲೆ,
ಹಣ್ಣಾದ ಹುಳ ಚಂದ್ರಂಕಿಯಲ್ಲಿ
ತಲೆ ಎತ್ತಿ ಜಾಗ ಹುಡುಕುತ್ತಲ್ಲ, ಹಾಗೆ
ಚರ್ಮದ ಕೆಳಗೆ ಏನೋ ತಲೆ ಎತ್ತಿತು.
ನಾನು ಹೇಳದೆ ನನ್ನ ತೊಡೆ ಗಟ್ಟಿಯಾಯಿತು.
ನಾಚಿಕೆಯಾಯಿತು, ಸೀರೆ ಎಳೆದುಕೊಂಡೆ.
ಯಜಮಾನರು ಹೋಗಿ ಹನ್ನೊಂದು ವರ್ಷ,
ಈ ತೊಡೆ ಯಾರ ಮಾತೂ ಕೇಳಿರಲಿಲ್ಲ.

"ಹತ್ತು ಎಣಿಸೋವರೆಗೆ ಬಿಗಿ, ಇಪ್ಪತ್ತಕ್ಕೆ ಬಿಡುವು.
ಅದು ಎಳೆದಾಗ ನೀವೂ ಎಳೀಬೇಕು,
ಸುಮ್ಮನೆ ಮಲಗಿದರೆ ಅರ್ಧ ಕೂಲಿ."
ಎಲುಬು ತುಂಬುತ್ತಾ ಇದರಿಂದ?
"ಗೊತ್ತಿಲ್ಲ ಅಮ್ಮ, ಸುಳ್ಳು ಹೇಳಲ್ಲ.
ಅದಕ್ಕೆ ಮಾತ್ರೆ, ಬಿಸಿಲು, ನಡಿಗೆ.
ಇದು ಬೀಳೋ ಹೊತ್ತಿಗೆ ಕಾಲು
ಎಚ್ಚರ ಇರಲಿ ಅಂತ."

ಹೊರಗೆ ಬೆಂಚಿನಲ್ಲಿ ಜೈಬುನ್ನಿಸಾ, ವೆಂಕಟಲಚ್ಚಮ್ಮ,
ಆವತ್ತಿನ ಬೋಸಿ ಸಾಲೇ ಎದ್ದು ಬಂದು ಕೂತಂತೆ.
"ನಿಂಗೆ ಎಷ್ಟು ನಂಬರು ಇಟ್ಟಳು?"
ಇಪ್ಪತ್ತೆರಡು.
"ಅಷ್ಟೇನಾ! ನಂಗೆ ಮೂವತ್ತು."
ಸಂಜೆ ತೂಕದ ಹೊತ್ತಿಗೂ ಹೀಗೇ ಇದ್ದಳು ಇವಳು,
ನೂಲು ಒದ್ದೆ ಮಾಡಿ ಇಡುತ್ತಿದ್ದಳು.

ಒಂಬತ್ತನೇ ದಿನ, ಎಣಿಕೆ ಆರರಲ್ಲಿ
ಕರೆಂಟು ಹೋಯಿತು.
ಫ್ಯಾನು ನಿಂತಿತು, ಮಿಷನ್ನಿನ ಹಸಿರು ಕಣ್ಣು ನಿಂತಿತು.
ಫಿಲೇಚರಿನಲ್ಲಾದರೆ ಈಗ ಎಲ್ಲರೂ ಹೋ ಅಂತ ಎದ್ದು
ಟೀ ಕುಡಿಯಲು ಹೋಗುವ ಹೊತ್ತು.
ನಾನು ಏಳಲಿಲ್ಲ.
ಏಳು, ಎಂಟು ಅಂದೆ, ಬಾಯಲ್ಲಿ.
ತೊಡೆ ಹಿಡಿದೇ ಇತ್ತು.
ಬಿಟ್ಟೆ. ಇಪ್ಪತ್ತು ಎಣಿಸಿ ಮತ್ತೆ ಕರೆದೆ,
ಬಂತು.
ಮೂರನೇ ಸಲ ಕರೆದಾಗ ಬರಲಿಲ್ಲ,
ಸುಸ್ತಾಗಿತ್ತೇನೋ, ಅದಕ್ಕೂ ನನ್ನ ವಯಸ್ಸೇ ಅಲ್ಲವೇ.
ನಗ್ಮಾ ಮೊಬೈಲು ಬೆಳಕು ಹಿಡಿದು
ನನ್ನ ಮಂಡಿಯನ್ನೇ ನೋಡುತ್ತಿದ್ದಳು,
ಏನೂ ಅನ್ನಲಿಲ್ಲ.

ಆ ರಾತ್ರಿ ಮೂರಕ್ಕೆ ಎಚ್ಚರವಾಯಿತು.
ಮಂಚದ ಅಂಚು ಹಿಡಿಯದೆ ಎದ್ದೆ,
ನಿಂತೆ, ಎಣಿಸಿದೆ, ಹತ್ತು.
ಕತ್ತಲಲ್ಲೇ ಹೋಗಿಬಿಡಬಹುದಿತ್ತು,
ಅಷ್ಟು ಜಂಬ ಬಂದಿತ್ತು ಕಾಲಿಗೆ.
ಗೋಡೆ ತಡವಿ ದೀಪ ಹಾಕಿದೆ.
ಇಲ್ಲವಾದರೆ ಬೈತಾಳೆ ಹುಡುಗಿ.